ಎದೆಯ ಕೆಳಗಿನ ಬಾಗಿಲು

ಸೆಪ್ಟೆಂಬರ್ 5, ಮಂಗಳವಾರ

ಟೀ ಫ್ಯಾಕ್ಟರಿಯಲ್ಲಿ ಬೆಳಗಿನ ಬ್ಯಾಚ್ ಮುಗಿಯಿತು. ಎಂದಿನಂತೆ ಉದ್ದ ಮೇಜು, ಸಾಲು ಬಟ್ಟಲು. ಒಂದು ಚಮಚ ಟೀ, ಸುರ್ರೆಂದು ಎಳೆ, ನಾಲಿಗೆಯ ಮೇಲೆ ಹೊರಳಿಸು, ಪೀಕದಾನಿಗೆ ಉಗಿ, ಮುಂದಿನ ಬಟ್ಟಲು. ನಿನ್ನೆಯ ಮಾಲಿನಲ್ಲಿ ಹೊಗೆ ವಾಸನೆ. ಡ್ರೈಯರ್ ನೋಡಿ ಅಂದೆ. ಓಮ್ವೆಂಗಾ ಒಪ್ಪಲಿಲ್ಲ. ಪಕ್ಕದ ಮೇಜಿನ ಟೇಸ್ಟರ್ ಅವನು, ಕಿಸೀ ಕಡೆಯವನು. ನನ್ನ ಮಾತು ಒಪ್ಪಿದರೆ ಅವತ್ತು ಅವನಿಗೆ ನಿದ್ದೆ ಬರುವುದಿಲ್ಲ. ಆಮೇಲೆ ತಾನೇ ಹೋಗಿ ಡ್ರೈಯರ್ ನೋಡಿ ಬಂದ. ಏನೂ ಮಾತಾಡಲಿಲ್ಲ. ಅಂದರೆ ನಾನು ಹೇಳಿದ್ದು ಸರಿ.

"ಬಾಯಿಗೆ ಹಾಕ್ಕೊಂಡು ಉಗಿಯೋಕೆ ಸಂಬಳ ತಗೊಳ್ಳೋರು ಈ ಕೆರಿಚೋದಲ್ಲಿ ನೀವೇ ಸರಿ" ಅನ್ನುತ್ತಾಳೆ ರೋಡಾ, ನನ್ನ ಹೆಂಡತಿ. ಅದೇ ಇಷ್ಟು ದಿನ ನನ್ನನ್ನು ಕಾಪಾಡಿದ್ದು. ಉಗಿಯುವ ಕೆಲಸದಲ್ಲಿರುವವನಿಗೆ ನುಂಗಲು ಬರದಿದ್ದರೆ ಯಾರಿಗೆ ತಿಳಿಯುತ್ತದೆ.

ಬರೆದೇಬಿಟ್ಟೆ. ಇರಲಿ.

ಮಧ್ಯಾಹ್ನ ಮುದ್ದೆ ಮತ್ತೆ ಸಿಕ್ಕಿಕೊಂಡಿತು. ಗಂಟಲಲ್ಲಲ್ಲ, ಕೆಳಗೆ, ಎದೆಗೂಡು ಮುಗಿಯುವಲ್ಲಿ. ಕ್ಯಾಂಟೀನ್ ಹಿಂದೆ ಹೋಗಿ ಎರಡೂ ಕೈ ಮೇಲೆತ್ತಿ ನಿಂತೆ, ನೀರು ಸುರಿದುಕೊಂಡೆ, ಹಿಮ್ಮಡಿಯ ಮೇಲೆ ಕುಣಿದೆ. ಜಾರಿತು. ಮೊದಮೊದಲು ಮುದ್ದೆ ಮಾತ್ರ ನಿಲ್ಲುತ್ತಿತ್ತು. ಈಗ ನೀರೂ ಯೋಚನೆ ಮಾಡಿಯೇ ಇಳಿಯುತ್ತದೆ.

ಸೆಪ್ಟೆಂಬರ್ 10, ಭಾನುವಾರ

ಅವ್ವನ ಮನೆಗೆ ಹೋಗಿದ್ದೆ, ಸೋಟಿಕ್ ಹತ್ತಿರ. ಹೋದ ತಕ್ಷಣ ಸೋರೆಬುರುಡೆ ಕುಲುಕಿ ಮುರ್ಸಿಕ್ ಬಗ್ಗಿಸಿದಳು. ಬುರುಡೆಯ ಒಳಗೆ ಇದ್ದಿಲು ಸವರಿ ಹುಳಿಸಿದ ಹಾಲು, ನೀಲಿ ಛಾಯೆ. ಅವ್ವನ ಕೈಯದಕ್ಕೆ ಸಮ ಇಲ್ಲ. ಮಗನಾಗಿ ಹೇಳುತ್ತಿಲ್ಲ, ನಾಲಿಗೆಯಿಂದಲೇ ಹೊಟ್ಟೆ ಹೊರೆಯುವವನಾಗಿ ಹೇಳುತ್ತಿದ್ದೇನೆ.

ಒಂದು ಗುಟುಕು. ನಿಂತಿತು. ಎರಡನೆಯದು ಅದರ ಮೇಲೆ ಕೂತಿತು. ಮೂರನೆಯದು ಹಾಕಿದ್ದರೆ ಎಲ್ಲವೂ ಅವಳ ಮುಂದೆಯೇ ವಾಪಸ್ಸು. ಲೋಟ ಕೆಳಗಿಟ್ಟೆ.

"ಯಾಕೋ, ಹುಳಿ ಜಾಸ್ತಿ ಆಯ್ತಾ?"

"ಇಲ್ಲವ್ವ. ಹೊಟ್ಟೆ ತುಂಬಿದೆ."

"ದಾರೀಲಿ ಏನ್ ತಿಂದೆ, ಧೂಳಾ?"

ಅಂದಳೇ ಹೊರತು ನಗಲಿಲ್ಲ. ಲೋಟ ನೋಡಿದಳು, ನನ್ನ ನೋಡಿದಳು. ಅವಳ ಒಳಗೆ ಏನು ಓಡುತ್ತಿದೆ ಅಂತ ನನಗೆ ಗೊತ್ತು. ಅಣ್ಣ ಜೋಸ್ಫಾತ್ ಅನ್ನನಾಳದ ಕ್ಯಾನ್ಸರಿನಲ್ಲಿ ಹೋಗಿ ಎರಡು ವರ್ಷ. ನಮ್ಮ ಕಡೆ ಆ ಕಾಯಿಲೆ ಕಾಣದ ಊರಿಲ್ಲ. ಅವನನ್ನು ಮಣ್ಣು ಮಾಡಿದ ದಿನ ಯಾರೋ ಒಬ್ಬ ತಿಳಿದವನು ಮೈಕ್ ಹಿಡಿದು, ಕುದಿಯುವ ಟೀ ಬಿಡಿ, ಇದ್ದಿಲ ಹಾಲು ಬಿಡಿ, ಅದರಿಂದಲೇ ಇದು ಬರೋದು ಅಂದ. ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವನ ಕೈಯಿಂದ ಮೈಕ್ ಕಿತ್ತುಕೊಳ್ಳಬೇಕಿತ್ತು ನಾನು.

'ಇವನು ನನ್ನ ಹಾಲಿಗೆ ಹೆದರುತ್ತಿದ್ದಾನೆ, ಅಣ್ಣನನ್ನು ನಾನೇ ಕೊಂದೆ ಅಂದುಕೊಂಡಿದ್ದಾನೆ.' ಅವಳು ಹೀಗೇ ಅಂದುಕೊಂಡಿದ್ದಾಳೆ. ಹಾಗಲ್ಲವ್ವ, ಇಳೀತಿಲ್ಲ ಅಂತ ನಿಜ ಹೇಳಿದರೆ ಇನ್ನೊಬ್ಬ ಮಗನೂ ಹೋದ ಅಂತಾಳೆ. ಗಂಟಲಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಪಾಡು. ಬಾಯಿ ಮುಚ್ಚಿಕೊಂಡು ಬಂದೆ.

ಸೆಪ್ಟೆಂಬರ್ 14, ಗುರುವಾರ

ಸಿಕ್ಕಿಬಿದ್ದೆ. ದಿಂಬಿನ ಬಟ್ಟೆ ಒಗೆಯಲು ತೆಗೆದ ರೋಡಾ ಅದನ್ನು ಹಾಗೇ ಹಿಡಿದುಕೊಂಡು ಬಂದಳು. ಅದರ ಮೇಲೆ ಸಂಜೆ ತಿಂದ ಸೊಪ್ಪು, ಅರಗದೆ, ತಿಂದ ಹಾಗೇ.

"ಚೆಲಂಗಾತ್ ಅಪ್ಪ, ಇದು ಯಾವಾಗಿಂದ?" ಮಗಳ ಹೆಸರು ಹಿಡಿದು ಕರೆದಳೆಂದರೆ ವಿಚಾರಣೆ ಶುರು.

"ಮೊನ್ನೆಯಿಂದ."

"ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು ಮಾಡ್ಕೊಂಡಿದೀರಲ್ಲ, ಅದೂ ಮೊನ್ನೆಯಿಂದಾನಾ?"

ಬೆಲ್ಟಿನ ಮೇಲೆ ಅಂಗಿ ಎಳೆದುಕೊಂಡೆ. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದಳು. ಅವಳು ಕೂಗಾಡಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ.

ಸೆಪ್ಟೆಂಬರ್ 25, ಸೋಮವಾರ

ಆಸ್ಪತ್ರೆಯಲ್ಲಿ ಗಂಟಲೊಳಗೆ ಕ್ಯಾಮರಾ ಇಳಿಸಿ ನೋಡಿದರು. ಮಂಪರಿನಿಂದ ಎದ್ದಾಗ ಬಾಗಿಲ ಸಂದಿಯಲ್ಲಿ ಕಂಡದ್ದು — ಕಾರಿಡಾರಿನಲ್ಲಿ ಡಾಕ್ಟರು ರೋಡಾಗೆ ಏನೋ ಹೇಳುತ್ತಿದ್ದಾರೆ, ಅವಳು ಮುಖ ಮುಚ್ಚಿಕೊಂಡು ಅಳುತ್ತಿದ್ದಾಳೆ. ಆಮೇಲೆ ಇಬ್ಬರೂ ಒಳಗೆ ಬಂದರು. ಅವಳು ಮುಖ ತೊಳೆದುಕೊಂಡು ಬಂದಿದ್ದಳು.

"ಗಂಟಿಲ್ಲ, ಹುಣ್ಣಿಲ್ಲ. ಊಟ ಮಾತ್ರ ಅಲ್ಲೇ ನಿಂತಿತ್ತು. ನೈರೋಬಿಗೆ ಹೋಗಿ ಒಂದು ಟೆಸ್ಟ್ ಮಾಡಿಸಿ, ಹೊಟ್ಟೆಯ ಬಾಗಿಲು ಹೇಗೆ ಕೆಲಸ ಮಾಡ್ತಿದೆ ಅಂತ ಅಳೀತಾರೆ" ಅಂದರು ಡಾಕ್ಟರು.

ಗಂಟಿಲ್ಲ.

ನಾವೂ ಜೋಸ್ಫಾತನಿಗೆ ಅದನ್ನೇ ಹೇಳಿದ್ದು. ಡಾಕ್ಟರು ಮನೆಯವರಿಗೆ ಹೇಳುತ್ತಾರೆ, ಮನೆಯವರು ಕಾಯಿಲೆಯವನಿಗೆ ಬೇರೆ ಹೇಳುತ್ತಾರೆ. ನಮ್ಮಲ್ಲಿ ಹಾಗೇ. ಸಾಯುವವನ ಎದುರು ಸಾವಿನ ಹೆಸರು ಎತ್ತುವುದಿಲ್ಲ. ದೊಡ್ಡಪ್ಪಂದಿರು ಕೂತು ತೀರ್ಮಾನಿಸಿದರು, ಹೇಳುವ ಕೆಲಸ ತಮ್ಮನಾದ ನನ್ನ ಪಾಲಿಗೆ ಬಂತು. "ಗಂಟಿಲ್ಲ ಅಣ್ಣ, ಬರೀ ಹುಣ್ಣು" ಅಂದೆ. ಅವನು ನಕ್ಕ. "ಸದ್ಯ" ಅಂದ.

ಇವತ್ತು ನಾನೂ ನಕ್ಕು "ಸದ್ಯ" ಅಂದೆ.

ಸೆಪ್ಟೆಂಬರ್ 28, ಗುರುವಾರ

ರಾತ್ರಿಯ ಊಟಕ್ಕೆ ಕೋಳಿ. ವಾರದ ನಡುವೆ, ನೆಂಟರಿಲ್ಲ, ಹಬ್ಬವಿಲ್ಲ. ರೋಡಾ ಮಾಂಸ ಬಿಡಿಸಿ ನುಣ್ಣಗೆ ಅರೆದು ಸಾರು ಮಾಡಿಕೊಟ್ಟಳು. ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದಳು. ಜೋಸ್ಫಾತನ ಕೊನೆಯ ತಿಂಗಳಲ್ಲಿ ಅತ್ತಿಗೆಯೂ ಹೀಗೇ ಬಗೆಬಗೆಯಾಗಿ ಮಾಡಿ ಹಾಕುತ್ತಿದ್ದಳು.

ಕ್ಯಾನ್ಸರಾ ಅಂತ ಅವಳನ್ನೇ ಕೇಳಿಬಿಡಲೇ? ಕೇಳಿದರೆ ಇಲ್ಲ ಅನ್ನುತ್ತಾಳೆ. ನಿಜವಿದ್ದರೂ ಇಲ್ಲ, ಸುಳ್ಳಿದ್ದರೂ ಇಲ್ಲ. ಒಂದೇ ಉತ್ತರ ಬರುವ ಪ್ರಶ್ನೆ ಕೇಳಿ ಏನು ಪ್ರಯೋಜನ. ನಾನು ಸಾಯುತ್ತಿದ್ದರೆ ನನಗೆ ಗೊತ್ತಾಗಬೇಕು. ಅಷ್ಟೇ ಬೇಕಾದದ್ದು. ಆ ಅಳತೆಯ ಟೆಸ್ಟ್ ಮಾಡಿಸುತ್ತೇನೆ. ಜನ ಹೇಳುವುದು ಬೇಡ, ಯಂತ್ರ ಹೇಳಲಿ.

ಅಕ್ಟೋಬರ್ 1, ಭಾನುವಾರ

ಅವ್ವನ ಮನೆ. ಸೋರೆಬುರುಡೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದಾಳೆ. ಒಂದರಲ್ಲೂ ಹಾಲಿಲ್ಲ. ಹಸು ಕರೆಯುತ್ತಿದೆಯಲ್ಲ, ಹಾಲೇನು ಮಾಡುತ್ತೀ ಅಂದೆ.

"ಡೇರಿಗೆ ಹಾಕ್ತೀನಿ. ಅಲ್ಲಿ ಯಾರೂ ಲೋಟ ವಾಪಸ್ ಇಡಲ್ಲ."

ಟೀ ಕೊಟ್ಟಳು, ಆರಿಸಿ. ನಾನು ಮಾತಾಡಲು ಬಾಯಿ ತೆರೆದೆ, ಅವಳು ಎದ್ದು ಕೋಳಿಗಳಿಗೆ ಕಾಳು ಹಾಕಲು ಹೋದಳು. ಅವಳಿಗೆ ಎಪ್ಪತ್ತು ದಾಟಿದೆ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಬುರುಡೆ ಬರಿದಾಗಿದ್ದಿಲ್ಲ.

ಅಕ್ಟೋಬರ್ 11, ಬುಧವಾರ. ನೈರೋಬಿ, ಬೆಳಗ್ಗೆ

ಹೊಟ್ಟೆ ಖಾಲಿ. ರೋಡಾಗೆ ಹೇಳಿದೆ — ನೀನು ಹೊರಗೇ ಕೂತಿರು, ಡಾಕ್ಟರು ಮೊದಲು ನನ್ನ ಜೊತೆ ಮಾತಾಡಬೇಕು. "ಆಯ್ತು ಸಾಹೇಬ್ರೇ" ಅಂದಳು. ಮುಖ ಸಣ್ಣದಾಯಿತು. ಆಗಲಿ.

ಮಧ್ಯಾಹ್ನ

ಯಂತ್ರ ನೋಡಿಕೊಳ್ಳುವವಳ ಹೆಸರು ಮ್ವಿಕಾಲಿ, ಕಾಂಬಾ ಜನದವಳು, ಮೂವತ್ತರ ಆಸುಪಾಸು. ಮೂಗಿನಿಂದ ಸಪೂರ ನಳಿಗೆ ಇಳಿಸಿದಳು. ಕಣ್ಣಲ್ಲಿ ನೀರು, ಓಕರಿಕೆ, ಬೈಗುಳ ಬಾಯಿಯ ತನಕ ಬಂದು ನಿಂತಿತು. ಅದೊಂದು ಮಾತ್ರ ನುಂಗಿದೆ.

ನಳಿಗೆಯುದ್ದಕ್ಕೂ ಒತ್ತಡ ಅಳೆಯುವ ಚಿಕ್ಕ ಚಿಕ್ಕ ಸೆನ್ಸರ್‌ಗಳು ಇವೆಯಂತೆ. ಹೊಟ್ಟೆಯ ಬಾಯಲ್ಲಿ ಒಂದು ಬಿಗಿಯುಂಗುರ ಇದೆ, ನುಂಗಿದಾಗ ಅದು ಸಡಿಲಾಗಬೇಕು, ಇಳಿದ ಮೇಲೆ ಮುಚ್ಚಿಕೊಳ್ಳಬೇಕು. ಎಷ್ಟು ಬಿಗಿ, ಎಷ್ಟು ಸಡಿಲ ಅಂತ ಪರದೆಯ ಮೇಲೆ ಬರುತ್ತದೆ.

"ನಂಬರ್ ಬರುತ್ತಾ?" ಅಂದೆ. ಮೂಗಿನಲ್ಲಿ ನಳಿಗೆ, ದನಿ ಕಪ್ಪೆಯದು.

"ನಂಬರೂ ಬರುತ್ತೆ, ಬಣ್ಣಾನೂ ಬರುತ್ತೆ."

"ಅದನ್ನ ಯಾರಾದ್ರೂ ಬದಲಾಯಿಸಬಹುದಾ?"

"ಯಾಕೆ ಯಜಮಾನ್ರೇ, ಯಾರು ಬದಲಾಯಿಸ್ಬೇಕಿತ್ತು?"

ಮಲಗಿಸಿದಳು. ಸಿರಿಂಜಿನಲ್ಲಿ ಚೂರು ನೀರು ಬಾಯಿಗೆ ಬಿಡುತ್ತೇನೆ, ಒಂದೇ ಸಲ ನುಂಗಿ, ಮತ್ತೆ ನಾನು ಹೇಳುವ ತನಕ ನುಂಗಬೇಡಿ ಅಂದಳು. ಸುಲಭ ಅಂದುಕೊಂಡೆ.

ನೀರು ನಾಲಿಗೆ ಮುಟ್ಟಿತು. ನಾಲಿಗೆ ತನ್ನ ಕೆಲಸ ತಾನು ಮಾಡಿತು. ಗಾಳಿ ಸಮೇತ ಸುರ್ರೆಂದು ಎಳೆದು, ಎರಡೂ ಕೆನ್ನೆಗೆ ಹೊರಳಿಸಿ, ತುಟಿ ಪೀಕದಾನಿ ಹುಡುಕಿತು. ನೀರು ಗದ್ದದ ಮೇಲೆ, ಅವಳ ಕೋಟಿನ ತೋಳಿನ ಮೇಲೆ.

"ಯಜಮಾನ್ರೇ, ಅದು ನೀರು. ನಲ್ಲಿ ನೀರು. ಅದ್ರಲ್ಲೇನ್ ರುಚಿ ನೋಡ್ತಿದೀರಾ?"

ಕೆಲಸ ಏನು ಅಂತ ಹೇಳಿದೆ. ಕುರ್ಚಿ ಹಿಡಿದುಕೊಂಡು ನಕ್ಕಳು. ಎರಡನೆಯದೂ ಹಾಳಾಯಿತು, ಅರ್ಧ ನುಂಗಿ ಅರ್ಧ ಹಿಡಿದುಕೊಂಡೆ, ಪರದೆಯ ಮೇಲೆ ಬರೀ ಗೀಚು. ಮೂರನೆಯದೂ ಹಾಗೇ. ಈಗ ಅವಳಿಗೆ ನಗು ಬರಲಿಲ್ಲ. "ನೀವು ನುಂಗ್ದೇ ಇದ್ರೆ ಇದು ಏನೂ ಹೇಳಲ್ಲ. ಇವತ್ತೊಂದಿನ ಯಾವ ಮಾಲು ಬಂದ್ರೂ ಪಾಸ್ ಮಾಡ್ಬಿಡಿ."

ಬೆವರಿದೆ. ಇಷ್ಟು ದೂರ ಬಂದು, ಮೂಗಿಗೆ ಹಗ್ಗ ಹಾಕಿಸಿಕೊಂಡು, ನನ್ನ ನಾಲಿಗೆಯ ದೆಸೆಯಿಂದಲೇ ಏನೂ ತಿಳಿಯದೆ ವಾಪಸ್ ಹೋಗುವುದೇ? ಕಣ್ಣು ಮುಚ್ಚಿದೆ. ಇದು ಟೀ ಅಲ್ಲ, ಅವ್ವ ಕೊಟ್ಟ ಲೋಟ, ಅವಳು ನೋಡುತ್ತಿದ್ದಾಳೆ ಅಂದುಕೊಂಡೆ. ಅವಳ ಮುಂದೆ ಉಗಿಯಲು ಆಗುವುದಿಲ್ಲವಲ್ಲ.

ನುಂಗಿದೆ. ಮತ್ತೆ ನುಂಗಿದೆ. ಬಂದದ್ದನ್ನೆಲ್ಲ ನುಂಗಿದೆ.

ಕತ್ತು ಹೊರಳಿಸಿ ಪರದೆ ನೋಡಿದೆ. ಮೇಲಿನ ಬಣ್ಣ ಓರೆಯಾಗಿ ಕೆಳಗಿಳಿಯುತ್ತಿಲ್ಲ, ಇಡೀ ಕಂಬ ಒಟ್ಟಿಗೆ ಹಸಿರಾಗಿ ನಿಲ್ಲುತ್ತಿದೆ. ಬುಡದಲ್ಲಿ ಒಂದು ದಪ್ಪ ಪಟ್ಟಿ. ಅದು ಬದಲಾಗುವುದೇ ಇಲ್ಲ.

"ನುಂಗ್ದಾಗ ಆ ಕೆಳಗಿನ ಪಟ್ಟಿ ತೆಳುವಾಗ್ಬೇಕು, ಅಲ್ವಾ?"

"ಡಾಕ್ಟ್ರು ಹೇಳ್ತಾರೆ."

"ಆಗ್ತಿಲ್ಲ, ಅಲ್ವಾ?"

ಅವಳು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಟೀ ಬಿಟ್ಟು ಇಲ್ಲಿಗೆ ಬನ್ನಿ ಯಜಮಾನ್ರೇ, ಕಣ್ಣು ಚೆನ್ನಾಗಿದೆ" ಅಂದಳು.

ಸಂಜೆ

ಡಾಕ್ಟರ್ ನ್ಜೆರು ಕಾಗದ ನನ್ನ ಮುಂದೆ ಹರಡಿದರು. ರೋಡಾ ಹೊರಗೆ.

"ಬಾಗಿಲು ಕೆಟ್ಟಿದೆ. ನುಂಗಿದಾಗ ಇಲ್ಲಿ ಒತ್ತಡ ಹದಿನೈದಕ್ಕಿಂತ ಕೆಳಗೆ ಬರಬೇಕು. ನಿಮ್ಮದು ಮೂವತ್ತಮೂರಲ್ಲಿ ನಿಂತಿದೆ. ಮೇಲಿನ ಕೊಳವೆಗೆ ತಳ್ಳೋದು ಮರೆತುಹೋಗಿದೆ."

"ಗಂಟು?"

"ಇಲ್ಲ. ಕ್ಯಾನ್ಸರ್ ಅಲ್ಲ. ತೆರ್ಕೋ ಅಂತ ಹೇಳೋ ನರಗಳು ಸತ್ತಿವೆ. ಯಾಕೆ ಸತ್ತವು ಅಂತ ನಮಗೂ ಸರಿಯಾಗಿ ಗೊತ್ತಿಲ್ಲ. ಪೂರ್ತಿ ವಾಸಿ ಮಾಡೋಕಾಗಲ್ಲ. ಬಲೂನ್ ಹಾಕಿ ಬಾಗಿಲು ಹಿಗ್ಗಿಸ್ತೀವಿ. ಸಾಲದಿದ್ರೆ ಆಪರೇಷನ್. ಮುಂದೆಯೂ ಆಗಾಗ ಬಂದು ತೋರಿಸ್ತಿರಬೇಕು."

"ಹಾಲಿಂದ ಬಂತಾ? ಇದ್ದಿಲ ಹಾಲು?"

"ಈ ಕಾಯಿಲೆಗೂ ಹಾಲಿಗೂ ಸಂಬಂಧ ಇಲ್ಲ."

ಪೂರ್ತಿ ವಾಸಿ ಆಗಲ್ಲ. ಅದನ್ನು ಕೇಳಿದ್ದೇ ನನಗೆ ನಂಬಿಕೆ ಬಂತು. ಜೋಸ್ಫಾತನಿಗೆ ನಾವು ಯಾರೂ ಹಾಗೆ ಹೇಳಲಿಲ್ಲ. ಎಲ್ಲ ಸರಿಹೋಗುತ್ತೆ ಅಂದೆವು. ಸಮಾಧಾನದ ಮಾತಿನಲ್ಲಿ ಕೆಟ್ಟ ನಂಬರ್ ಇರುವುದಿಲ್ಲ. ನನಗೊಂದು ಕೆಟ್ಟ ನಂಬರ್ ಸಿಕ್ಕಿತು, ದೇವರೇ, ಅಳು ತಡೆಯಲಾಗಲಿಲ್ಲ. ಡಾಕ್ಟರು ಗಾಬರಿಯಾಗಿ ಹೆಂಡತಿಯನ್ನು ಕರೆಸಲಾ ಅಂದರು.

ಕರೆಸಿ ಅಂದೆ.

ಅಕ್ಟೋಬರ್ 12, ಗುರುವಾರ

ಊರಿಗೆ ವಾಪಸ್ ಬರುವ ಶಟಲ್ ವ್ಯಾನಿನಲ್ಲಿ ನಾಕುರು ದಾಟುವವರೆಗೂ ರೋಡಾ ಮಾತಾಡಲಿಲ್ಲ. ಆಮೇಲೆ ಕಿಟಕಿಯ ಕಡೆ ನೋಡಿಕೊಂಡೇ —

"ಅವತ್ತು ಕಾರಿಡಾರಲ್ಲಿ ಡಾಕ್ಟ್ರು ಗಂಟಿಲ್ಲ ಅಂದ್ರು. ಸಂತೋಷಕ್ಕೆ ಅತ್ತೆ. ಒಳಗ್ ಬಂದ್ರೆ ನೀವು ಹೆಣ ನೋಡ್ದೋರ ಹಂಗೆ ಕೂತಿದ್ರಿ."

"ಮತ್ತೆ ಕೋಳಿ ಯಾಕೆ ಮಾಡ್ದೆ?"

"ಸಂತೋಷಕ್ಕೆ ಕೋಳಿ ಮಾಡ್ದೆ ಕತ್ತೆ ಮಾಡ್ಲಾ?"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಇವಳ ಕೈ ಹಿಡಿದುಕೊಂಡೆ. ಬಿಡಿಸಿಕೊಂಡಳು. ಕೆರಿಚೋ ಹತ್ತಿರ ಬಂದಾಗ ತಾನೇ ಹಿಡಿದುಕೊಂಡಳು. ಇಪ್ಪತ್ತೆರಡು ವರ್ಷದ ಹೆಂಡತಿಗಿಂತ ಒಂದು ಯಂತ್ರವನ್ನು ನಂಬಿದೆ. ಅದು ಅವಳಿಗೆ ನೋವು, ಹೇಳಿದಳು ಕೂಡ. ತಪ್ಪಾಯ್ತು ಅಂದೆ.

ಅವ್ವನಿಗೆ ಫೋನ್ ಮಾಡಿದೆ. ಇಳಿಯುತ್ತಿರಲಿಲ್ಲ, ಅದಕ್ಕೇ ಹಾಲು ಬಿಟ್ಟೆ, ಕ್ಯಾನ್ಸರ್ ಅಲ್ಲ, ಬಾಗಿಲು ಕೆಟ್ಟಿದೆ — ಎಲ್ಲ ಹೇಳಿದೆ.

"ಆಯ್ತು ಮಗಾ. ಗಂಟಿಲ್ಲ. ಒಳ್ಳೇದಾಯ್ತು."

ಆ ದನಿ ನನಗೆ ಗೊತ್ತು. ನಂಬಿದವರ ದನಿ ಅಲ್ಲ ಅದು.

ನವೆಂಬರ್ 9, ಗುರುವಾರ

ನಿನ್ನೆ ಬಲೂನ್ ಹಾಕಿದರು. ಎದೆ ನೋವು. ಇವತ್ತು ತೆಳು ಗಂಜಿ. ಮೊದಲ ಗುಟುಕು ಇಳಿದದ್ದು ಗೊತ್ತೇ ಆಗಲಿಲ್ಲ, ಕಾಯುತ್ತ ಕೂತೆ, ಎಲ್ಲಿ ಹೋಯಿತು ಅಂತ. ರೋಡಾ ನನ್ನ ಬಾಯನ್ನೇ ನೋಡುತ್ತಿದ್ದಳು. ಬಟ್ಟಲು ಖಾಲಿ ಮಾಡಿದೆ. ಊಟ ಅಂದರೆ ಇಷ್ಟು ಸದ್ದಿಲ್ಲದ ಕೆಲಸ ಅಂತ ಮರೆತೇ ಹೋಗಿತ್ತು.

ನವೆಂಬರ್ 19, ಭಾನುವಾರ. ಅವ್ವನ ಮನೆ

ಬೆಳಗ್ಗೆಯೇ ಬಂದೆವು. ಬುರುಡೆಗಳು ಇನ್ನೂ ಬೋರಲೇ. ಅವ್ವ ಇಳಿದುಹೋಗಿದ್ದಾಳೆ. ಅವಳ ಊಟವೂ ಅಷ್ಟಕ್ಕಷ್ಟೇ ಅಂದರು ಪಕ್ಕದ ಮನೆಯವರು. ನನ್ನನ್ನು ಕಂಡದ್ದೇ ಕೆನ್ನೆ ಸವರಿ, ದೊಡ್ಡವರನ್ನು ಕೂರಿಸುವ ಕುರ್ಚಿಯಲ್ಲಿ ಕೂರಿಸಿದಳು. ಕಾಯಿಲೆಯಲ್ಲಿ ಜೋಸ್ಫಾತನನ್ನೂ ಅದರಲ್ಲೇ ಕೂರಿಸುತ್ತಿದ್ದುದು.

ಟೆಸ್ಟಿನ ಬಣ್ಣಬಣ್ಣದ ಕಾಗದ ತೋರಿಸಿದೆ. ಇದು ಮೊದಲಿನದು, ನೋಡು, ಪಟ್ಟಿ ಬಿಡುತ್ತಿರಲಿಲ್ಲ. ಹಿಗ್ಗಿಸಿದ್ದಾರೆ, ಈಗ ಬಿಡುತ್ತಿದೆ. ಅವಳು ದೂರ ಹಿಡಿದು ನೋಡಿದಳು.

"ಒಳ್ಳೇ ಹೊದೆಯೋ ಬಟ್ಟೆ ಇದ್ದಂಗಿದೆ" ಅಂದು ವಾಪಸ್ ಕೊಟ್ಟಳು.

"ಅವ್ವ, ನಿಜ ಹೇಳ್ತಿದೀನಿ."

"ಅಲ್ಲ ಅಂದ್ನಾ? ನಾನೂ ಅಮ್ಮ ಕಣೋ. ಅಮ್ಮಂದಿರಿಗೆ ಏನ್ ಹೇಳ್ತಾರೆ ಅಂತ ಗೊತ್ತು."

ರೋಡಾ ಎದುರು ನಾನು ಕೂತಿದ್ದ ಹಾಗೆ ಈಗ ಇವಳು ನನ್ನೆದುರು ಕೂತಿದ್ದಾಳೆ. ನಿಜಕ್ಕೂ ಸುಳ್ಳಿಗೂ ಒಂದೇ ಮಾತು ಬಳಸಿ ಬಳಸಿ ನಾವೇ ಮಾಡಿಕೊಂಡದ್ದು.

"ಹಾಗಾದ್ರೆ ಹಾಲು ಕೊಡು."

"ಕೊಡಲ್ಲ."

"ಬುರುಡೇದು ಬೇಡ. ಕಾಸಿದ್ದು ಕೊಡು. ನಿನ್ನ ಮುಂದೆ ಕುಡೀತೀನಿ."

ಒಳಗೆ ಹೋದಳು. ಬಂದಾಗ ಕೈಯಲ್ಲಿ ಲೋಟ, ಇನ್ನೊಂದು ಕೈಯಿಂದ ಸ್ಟೂಲ್ ಎಳೆದು ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು. ಅಂಗಿಯ ಗುಂಡಿ ಬಿಚ್ಚು ಅಂದಳು. ಅಂಗೈಯನ್ನು ಎದೆಗೂಡು ಮುಗಿಯುವಲ್ಲಿ ಒತ್ತಿ ಇಟ್ಟಳು. ಒರಟು ಕೈ, ಹಾಲಿನ ವಾಸನೆ.

"ಈಗ ಕುಡಿ."

ಕುಡಿದೆ. ಕಣ್ಣು ಮುಚ್ಚಿ ಕಿವಿಯಿಂದ ಕೇಳುವವಳ ಹಾಗೆ ತಲೆ ವಾಲಿಸಿದ್ದಳು.

"ಇನ್ನೊಂದು."

ಕುಡಿದೆ. ಲೋಟ ಮುಗಿಯುವ ತನಕ ಇನ್ನೊಂದು, ಇನ್ನೊಂದು ಅನ್ನುತ್ತಲೇ ಇದ್ದಳು. ಮುಗಿದ ಮೇಲೂ ಕೈ ತೆಗೆಯಲಿಲ್ಲ. ಮೇಲೆ ಬರುತ್ತದೇನೋ ಅಂತ ಕಾದಳು. ಬರಲಿಲ್ಲ.

"ಇಳೀತು" ಅಂದಳು. ನನಗಲ್ಲ, ತನಗೆ. ಆಮೇಲೆ ನನ್ನ ಗುಂಡಿಗಳನ್ನು ತಾನೇ ಹಾಕಿದಳು.

"ಜೋಸ್ಫಾತಂಗೂ ಹಿಂಗೇ ಕೈ ಇಟ್ಟು ನೋಡ್ತಿದ್ದೆ. ಇಳೀತವ್ವ, ಇಳೀತು ಅಂತಿದ್ದ. ನನ್ನ ಕೈಗೆ ಗೊತ್ತಾಗ್ತಿತ್ತು, ಮೇಲೇ ನಿಂತಿರ್ತಿತ್ತು."

"ಅವ್ವ..."

"ಅವನಿಗೆ ಗೊತ್ತಿತ್ತು ಕಣೋ. ನೀನು ಹುಣ್ಣು ಅಂದ ದಿನಾನೇ ಗೊತ್ತಾಗಿತ್ತು. ತಮ್ಮಂಗೆ ಹೇಳ್ಬೇಡ ಅಂದ. ಪಾಪ, ಅವನಿಗೆ ಸುಳ್ಳು ಹೇಳೋಕೆ ಬರಲ್ಲ, ಕಷ್ಟಪಟ್ಟು ಹೇಳಿದಾನೆ, ನಾನು ನಂಬಿದಂಗ್ ಇರ್ತೀನಿ ಅಂದ."

ಅಷ್ಟು ತಿಂಗಳು ಅವನ ಮಂಚದ ಪಕ್ಕ ಕೂತು ಟೀ, ಮಳೆ, ಫುಟ್‌ಬಾಲ್ ಅಂತ ಮಾತಾಡಿದೆನಲ್ಲ, ಅವನು ಬೇರೆ ಮಾತಿಗೆ ಕಾಯುತ್ತಿದ್ದನೇ? ಇನ್ನೇನು ಹೇಳಿದ, ನನಗೆ ಅಂತ ಏನಾದರೂ ಹೇಳಿದನಾ ಅಂತ ಕೇಳಿದೆ.

"ಹೇಳ್ದ. ಬೇಕಾದಷ್ಟ್ ಹೇಳ್ದ. ನಿಂಗ್ ಹೇಳೋ ಹಂಗಿರ್ಲಿಲ್ಲ."

ಅಷ್ಟರಲ್ಲಿ ರೋಡಾ ಊಟಕ್ಕೆ ಕರೆದಳು. ಊಟ ಆಗ್ಲಿ, ಆಮೇಲೆ ಹೇಳ್ತೀನಿ ಅಂದಳು ಅವ್ವ. ತಾನೂ ತಟ್ಟೆ ಹಾಕಿಸಿಕೊಂಡಳು, ಎರಡು ಸಲ ಸೊಪ್ಪು ಕೇಳಿದಳು. ನಾನು ಚಿಕ್ಕ ಚಿಕ್ಕದಾಗಿ ಮುರಿದು ಮುದ್ದೆಯನ್ನೂ ತಿಂದೆ.

ಈಗ ರೋಡಾ ಒಳಗೆ ಮಲಗಿದ್ದಾಳೆ. ನಾನು ಬೇಲಿಯ ಪಕ್ಕ ನೆರಳಲ್ಲಿ ಕೂತು ಇಷ್ಟು ಬರೆದೆ. ಅವ್ವ ಹೊರಗೆ ಬಂದಳು. ಒಂದಲ್ಲ, ಎರಡು ಸ್ಟೂಲ್ ಹಿಡಿದುಕೊಂಡು ಬಂದಿದ್ದಾಳೆ. ಒಂದನ್ನು ಹಾಕಿ ಕೂತು, ಇನ್ನೊಂದರ ಮೇಲಿನ ಧೂಳು ಹೊದ್ದ ಬಟ್ಟೆಯ ಅಂಚಿನಿಂದ ಒರೆಸುತ್ತಿದ್ದಾಳೆ. ಕರೆಯುತ್ತಿದ್ದಾಳೆ. ಬಂದೆ ಅವ್ವ, ಇದೊಂದು ಸಾಲು ಮುಗಿಸಿ ಬಂದೆ.